ಖಾಲಿ ವರ್ಷದ ಗೀಟು

ಮೊದಲ ದಿನವೇ ರಜನಿ ಎಡವಟ್ಟು ಮಾಡಿಕೊಂಡಳು. ಅದೂ ಸಣ್ಣ ಎಡವಟ್ಟಲ್ಲ.

ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆ ಕ್ಲಾಸು. ಶನಿವಾರ, ಭಾನುವಾರ ಮಾತ್ರ. ಬಾಗಿಲ ಮೇಲೆ ‘ಪ್ರಾಜೆಕ್ಟ್ ಫೈನಾನ್ಸ್: ಅಡ್ವಾನ್ಸ್ಡ್ ಮಾಡೆಲಿಂಗ್’ ಎಂದು ಬರೆದಿತ್ತು. ರಸ್ತೆ, ಸೋಲಾರ್ ಪ್ಲಾಂಟು, ಕೋಲ್ಡ್ ಸ್ಟೋರೇಜು ಇಂಥ ದೊಡ್ಡ ಕೆಲಸಕ್ಕೆ ಸಾಲ ಕೊಟ್ಟರೆ ಹದಿನೈದು ವರ್ಷದಲ್ಲಿ ಅದು ತೀರುತ್ತದೋ ಇಲ್ಲವೋ ಎಂದು ಮೊದಲೇ ಎಕ್ಸೆಲ್‌ನಲ್ಲಿ ಕಟ್ಟಿ ನೋಡುವ ವಿದ್ಯೆ. ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಬಿಲ್ಲು ಹೊಡೆದು ಹೊಡೆದು ಬೇಸತ್ತಿದ್ದ ರಜನಿ, ಲಕ್ಕೂರಿನಿಂದ ಮೊದಲನೇ ಬಸ್ಸು ಹಿಡಿದು, ಎಲ್ಲರಿಗಿಂತ ಮುಂಚೆ ಬಂದು ಬಿಟ್ಟಿದ್ದಳು.

ಒಳಗೆ ಬಿಳಿ ಶರ್ಟಿನ ಒಬ್ಬ ಮನುಷ್ಯ ಬೋರ್ಡು ಒರೆಸುತ್ತಿದ್ದ.

“ಸಾರ್, ಕ್ಲಾಸ್ ಶುರುವಾಗೋಕೆ ಮುಂಚೆ ಒಂದೇ ಒಂದು ಡೌಟು,” ಎಂದು ನೋಟ್‌ಬುಕ್ ತೆರೆದಳು. ಒಂದು ಡೌಟು ಏಳಾಯಿತು. ಆತ ಗಲ್ಲಕ್ಕೆ ಡಸ್ಟರ್ ಒತ್ತಿಕೊಂಡು ಎಲ್ಲವನ್ನೂ ಗಂಭೀರವಾಗಿ ಕೇಳಿದ. “ಒಳ್ಳೇ ಪ್ರಶ್ನೆ,” ಎಂದ. “ಇದನ್ನ ಮುಂದೆ ವಿವರವಾಗಿ ನೋಡ್ತೀವಿ,” ಎಂದ. ರಜನಿ ಅದನ್ನೂ ಬರೆದುಕೊಂಡಳು.

ಆಗ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ದಪ್ಪ ಕನ್ನಡಕದ ಹಿರಿಯರೊಬ್ಬರು ಬಂದರು. “ಏನಯ್ಯಾ ಕದಿರೇಶ, ಬೋರ್ಡು ಒರೆಸಿದ್ದು ಸಾಕು, ಕೂತ್ಕೋ,” ಎಂದರು. ಅವರೇ ಮುನಿಕೃಷ್ಣ ಸರ್, ಸಾಲ ಕೊಡುವ ಕಂಪನಿಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಊರಿಗೆ ಮರಳಿದವರು. ಬಿಳಿ ಶರ್ಟಿನವನು ಡಸ್ಟರ್ ಇಟ್ಟು, ಕೈ ಝಾಡಿಸಿಕೊಂಡು, ನೇರವಾಗಿ ಬಂದು ರಜನಿಯ ಪಕ್ಕದ ಕುರ್ಚಿಯಲ್ಲಿ ಕೂತ.

ಅವಳ ಕಿವಿ ಕೆಂಪಾಯಿತು. “ಯಾಕ್ರೀ ಹೇಳ್ಲಿಲ್ಲ?” ಎಂದು ಹಲ್ಲು ಕಚ್ಚಿ ಕೇಳಿದಳು.

“ನೀವು ಕೇಳ್ಲಿಲ್ಲ. ಅದೂ ಅಲ್ದೆ, ಹುಟ್ಟಿದಾಗಿನಿಂದ ನನ್ನ ಯಾರೂ ಸಾರ್ ಅಂದಿರ್ಲಿಲ್ಲ. ಇನ್ನೊಂಚೂರು ಹೊತ್ತು ಅನ್ನಿಸಿಕೊಳ್ಳೋಣ ಅಂತ ಆಸೆ ಆಯ್ತು.”

ಕೋಪ ಮಾಡಿಕೊಳ್ಳಬೇಕೆಂದೇ ಅವಳು ಅವನತ್ತ ತಿರುಗಿದ್ದು. ಆದರೆ ಅವನ ಗಲ್ಲದ ಮೇಲೆ ಡಸ್ಟರಿನ ಸೀಮೆಸುಣ್ಣ ಮೆತ್ತಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಆ ಮುಖ ನೋಡಿ ಯಾರಿಗೆ ತಾನೇ ಕೋಪ ಬಂದೀತು? ಅವತ್ತಿನಿಂದ ಅವನು ಅವಳಿಗೆ ‘ಸಾರ್’ ಆದ.

*

ಮುನಿಕೃಷ್ಣ ಸರ್‌ಗೆ ಒಂದೇ ಒಂದು ಮಡಿ. ಎಲ್ಲಿಂದ ಬಂತೆಂದು ಹೇಳಲಾಗದ ಅಂಕಿ ಶೀಟಿನಲ್ಲಿ ಇರಕೂಡದು. ಕೈಯಾರೆ ಟೈಪು ಮಾಡಿದ್ದು ನೀಲಿ, ಫಾರ್ಮುಲಾದಿಂದ ಬಂದದ್ದು ಕಪ್ಪು. ಒಂದೊಂದು ನೀಲಿ ಅಂಕಿಯ ಪಕ್ಕದಲ್ಲೂ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಬರೆಯಲೇಬೇಕು.

“ಕಂತು ಒಂದು ರೂಪಾಯಿ ಇದ್ರೆ ಕೈಯಲ್ಲಿ ಒಂದು ರೂಪಾಯಿ ಮೂವತ್ತು ಪೈಸೆನಾದ್ರೂ ಇರ್ಬೇಕು. ಯಾವ ವರ್ಷನೂ ಅದಕ್ಕಿಂತ ಕೆಳಗೆ ಇಳೀಬಾರ್ದು. ಇಳಿದ್ರೆ ಸಾಲ ಕೊಡೋನು ಎದ್ದು ಹೋಗ್ತಾನೆ,” ಎನ್ನುತ್ತಿದ್ದರು.

ಇಬ್ಬಿಬ್ಬರಿಗೆ ಒಂದೊಂದು ಪ್ರಾಜೆಕ್ಟು. ಪಕ್ಕಪಕ್ಕ ಕೂತ ತಪ್ಪಿಗೆ ರಜನಿ, ಕದಿರೇಶ ಜೋಡಿಯಾದರು. ಉಳಿದವರದು ಪುಸ್ತಕದ ಪ್ರಾಜೆಕ್ಟು. ಇವರದು ಮಾತ್ರ ನಿಜವಾದದ್ದು. ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆ ಹೋಗುವ ರಸ್ತೆಯಲ್ಲಿ ಕದಿರೇಶನ ಊರು. ಅಲ್ಲಿ ಅರವತ್ತೆರಡು ಮನೆಯವರು ಸೇರಿ ಮಾವಿನ ಹಣ್ಣಿನ ತಿರುಳು ತೆಗೆಯುವ ಘಟಕ, ಜೊತೆಗೊಂದು ಕೋಲ್ಡ್ ಸ್ಟೋರೇಜ್ ಕಟ್ಟಬೇಕೆಂದು ಹೊರಟಿದ್ದರು. ಕದಿರೇಶ ಕ್ಲಾಸಿಗೆ ಸೇರಿದ್ದೇ ಅದಕ್ಕಾಗಿ. ಜನವರಿಯ ಕೊನೇ ಭಾನುವಾರ, ಸರ್‌ಗೆ ಪರಿಚಯದ ಸಾಲದ ಕಂಪನಿಯವರು ಬಂದು ಶೀಟು ನೋಡುವವರಿದ್ದರು. ಅವರು ಒಪ್ಪಿದರೆ ಘಟಕ ಏಳುತ್ತದೆ. ಮನೆಗೆ ಒಂದೊಂದು ಎಕರೆ ತೋಟವನ್ನು ಅಡ ಇಡಲು ಊರು ತಯಾರಾಗಿ ಕೂತಿತ್ತು.

“ಸಾರ್, ಬರೋ ದುಡ್ಡಿನ ಶೀಟು ನೀವು ಮಾಡಿ, ಸಾಲದ ಶೀಟು ನಾನು ಮಾಡ್ತೀನಿ,” ಎಂದಳು ರಜನಿ.

“ಅಂದ್ರೆ ಬರೋದೆಲ್ಲ ನಂದು, ಕಟ್ಟೋದೆಲ್ಲ ನಿಮ್ದು. ಒಳ್ಳೇ ಸಂಸಾರ.”

ಹೇಳಿದ ಮೇಲೆ ಅವನೇ ಗಾಬರಿಯಾಗಿ ನೀರಿನ ಬಾಟಲಿ ಹುಡುಕಿದ. ಅವಳು ಸ್ಕ್ರೀನ್ ಬಿಟ್ಟು ಕಣ್ಣೆತ್ತಲಿಲ್ಲ. ಆದರೆ ಅವತ್ತಿಡೀ ಒಂದು ಫಾರ್ಮುಲಾ ಮೂರು ಸಲ ತಪ್ಪಿತು. ಅವಳ ಫಾರ್ಮುಲಾ ತಪ್ಪುವುದೆಂದರೆ ಸಾಮಾನ್ಯದ ಮಾತಲ್ಲ.

ಹೀಗೇ ಐದು ತಿಂಗಳು ಹೋಯಿತು. ಟೀ ಬಿಡುವಿನಲ್ಲಿ ಕೆಳಗಿನ ಬೇಕರಿಯ ದಿಲ್‌ಪಸಂದಿನಲ್ಲಿ ದೊಡ್ಡ ತುಂಡು ಅವಳಿಗೆ ಬರುತ್ತಿತ್ತು. ಸಂಜೆ ಮಾಲೂರಿನ ಬಸ್ಸು ಹೊರಡುವವರೆಗೂ ಅವನಿಗೆ ಬಸ್ ಸ್ಟ್ಯಾಂಡಿನಲ್ಲಿ ಏನೋ ಒಂದು ಕೆಲಸ ಇರುತ್ತಿತ್ತು. ಬಸ್ಸು ಹೊರಟರೆ ಕೆಲಸ ಮುಗಿಯುತ್ತಿತ್ತು. ಇದೆಲ್ಲ ಅವಳಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಕಿಟಕಿ ಪಕ್ಕದ ಸೀಟೇ ಬೇಕೆಂದು ಅವಳು ಹಟ ಹಿಡಿಯುತ್ತಿದ್ದುದು ಗಾಳಿಗಾಗಿ ಅಲ್ಲ.

*

ಶೀಟು ಒಪ್ಪಿಸಲು ಹದಿನೈದು ದಿನ ಬಾಕಿ. ಕಂತಿನ ಒಂದು ರೂಪಾಯಿಗೆ ಇವರ ಲೆಕ್ಕದಲ್ಲಿ ಪ್ರತಿ ವರ್ಷ ಒಂದು ರೂಪಾಯಿ ಎಂಬತ್ತು ಪೈಸೆ ಬರುತ್ತಿತ್ತು. ಕದಿರೇಶ ನೆಲದ ಮೇಲೆ ನಡೆಯುತ್ತಿರಲಿಲ್ಲ.

ರಜನಿ ಕೊನೆಯ ಸಲ ಒಂದೊಂದೇ ನೀಲಿ ಅಂಕಿ ನೋಡುತ್ತ ಬಂದಳು. ಹತ್ತು ವರ್ಷದ ಮಾವಿನ ಫಸಲಿನ ಲೆಕ್ಕವನ್ನು ಕದಿರೇಶನ ತಾತ ಆವಲಪ್ಪ ಫೋನಿನಲ್ಲಿ ಹೇಳಿದ್ದರು, ಇವನು ಕೂತು ಟೈಪು ಮಾಡಿದ್ದ. ತಾತನಿಗೆ ಇಸವಿ ಗೊತ್ತಿಲ್ಲ. ಅದಕ್ಕೇ ಪಕ್ಕದಲ್ಲಿ ಅವರು ಹೇಳಿದ್ದನ್ನು ಹಾಗೇ ಬರೆದಿದ್ದ. ನಾಲ್ಕನೇ ಸಾಲು: ‘ಸುನಂದಕ್ಕನ ಮದುವೆ ಆದ ವರ್ಷ.’ ಎಂಟನೇ ಸಾಲು: ‘ಸುನಂದಕ್ಕನ ಮಗನ್ನ ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ.’

ಅವಳಿಗೆ ಮೊದಲು ನಗು ಬಂತು. “ಸಾರ್, ನಿಮ್ಮಕ್ಕನ ಮಗ ಭಾರೀ ಬುದ್ಧಿವಂತ. ಅಪ್ಪ ಅಮ್ಮನ ಮದುವೆ ಆಗಿ ನಾಲ್ಕೇ ವರ್ಷಕ್ಕೆ ಒಂದನೇ ಕ್ಲಾಸಾ?”

“ಹೇ, ಇಲ್ಲಾರೀ. ಮದುವೆ ಆಗಿ ಎಂಟು ವರ್ಷಕ್ಕೆ ಅವನು ಸ್ಕೂಲಿಗೆ…”

ಮಾತು ಅಲ್ಲೇ ನಿಂತಿತು. ಇಬ್ಬರೂ ಶೀಟು ನೋಡಿದರು. ಎಂಟು ವರ್ಷ, ನಾಲ್ಕು ಸಾಲು.

ಆವಲಪ್ಪ ಹತ್ತು ವರ್ಷದ ಲೆಕ್ಕ ಕೊಟ್ಟಿರಲಿಲ್ಲ, ಹತ್ತು ಫಸಲಿನ ಲೆಕ್ಕ ಕೊಟ್ಟಿದ್ದರು. ಅವರ ಕಡೆಯ ಮಾವು ಒಂದು ವರ್ಷ ಮೈತುಂಬ ಕಾಯಿ ಹಿಡಿದರೆ ಮಾರನೇ ವರ್ಷ ಸುಮ್ಮನೆ ನಿಲ್ಲುತ್ತದೆ. ಅಲ್ಪಸ್ವಲ್ಪ ಬಂದರೆ ಹೆಚ್ಚು. ಅದನ್ನು ಖಾಲಿ ವರ್ಷ ಎನ್ನುತ್ತಾರೆ, ಆ ಊರಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಮಾತೂ ಎತ್ತುವುದಿಲ್ಲ. ಆ ಹತ್ತು ಸಾಲಿನ ನಡುವೆ ಒಂಬತ್ತು ಖಾಲಿ ವರ್ಷ ಅಡಗಿ ಕೂತಿದ್ದವು.

“ತೋಟದಲ್ಲೇ ಹುಟ್ಟಿ ಬೆಳೆದೋನು ನಾನು,” ಎಂದ ಕದಿರೇಶ. “ನಂಗೇ ಹೊಳೀಲಿಲ್ವಲ್ಲ. ನಾನೂ ಅವರ ಹಾಗೇ ಎಣಿಸ್ತಿದ್ದೆ.”

ರಜನಿ ಖಾಲಿ ವರ್ಷಗಳನ್ನು ಅಂದಾಜಿನಲ್ಲಿ ಸೇರಿಸಿ ನೋಡಿದಳು. ವರ್ಷ ಬಿಟ್ಟು ವರ್ಷ ಕೆಂಪು. ಒಂದು ರೂಪಾಯಿ ಕಂತಿಗೆ ನಲವತ್ತು ಪೈಸೆ.

ಅವನು ಲ್ಯಾಪ್‌ಟಾಪ್ ಅರ್ಧ ಮುಚ್ಚಿದ. “ರಜನಿಯವರೇ, ಇದು ನಮ್ಮಿಬ್ಬರಲ್ಲೇ ಇರ್ಲಿ. ಅವರು ಕೇಳೋದು ಹತ್ತು ವರ್ಷದ ಲೆಕ್ಕ. ಇದೆಯಲ್ಲ. ಘಟಕ ಒಂದು ಎದ್ದು ನಿಂತ್ರೆ ಹೇಗೋ ಆಗುತ್ತೆ.”

“ಹೇಗೋ ಅಂದ್ರೆ ಹೇಗೆ? ಎರಡನೇ ವರ್ಷಕ್ಕೇ ಕಂತು ತಪ್ಪುತ್ತೆ. ಅರವತ್ತೆರಡು ಮನೆಯವರ ತೋಟ ಹೋಗುತ್ತೆ. ನಿಮ್ಮ ತಾತಂದೂ ಸೇರಿ.”

“ನಿಮಗೇನು ಹೇಳಿ! ಇದು ನಿಮಗೆ ಒಂದು ಪರೀಕ್ಷೆ ಅಷ್ಟೇ. ನಮ್ಮೂರೋರು ನನ್ನ ಮುಖ ನೋಡ್ಕೊಂಡು ಎರಡು ವರ್ಷದಿಂದ ಕಾಯ್ತಿದ್ದಾರೆ.”

ಆ ಮಾತು ಅವಳಿಗೆ ಚುಚ್ಚಿತು. ಬ್ಯಾಗು ತಗಲಿಸಿಕೊಂಡು ಎದ್ದಳು. “ಆ ಶೀಟಿನ ಮೇಲೆ ನನ್ನ ಹೆಸರೂ ಇದೆ ಸಾರ್. ಸುಳ್ಳಿಗೆ ನಾನು ಹೆಸರು ಹಾಕಲ್ಲ.”

ಅವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಕಿಟಕಿ ಪಕ್ಕ ಕೂತು, ಬಸ್ಸು ಊರು ದಾಟುವವರೆಗೂ ಅವಳು ಹೊರಗೇ ನೋಡಿದಳು. ಅತ್ತಳೋ ಎಂದು ಕೇಳಬೇಡಿ. ಅತ್ತಳು.

*

ಮೂರು ದಿನ ಫೋನಿಲ್ಲ, ಮೆಸೇಜಿಲ್ಲ. ಹೆಂಚಿನ ಫ್ಯಾಕ್ಟರಿಯಲ್ಲಿ ಬಿಲ್ಲು ಹೊಡೆಯುತ್ತ ಅವಳ ತಲೆ ತುಂಬ ಕೆಂಪು ಅಂಕಿಗಳೇ. ಸರ್ ಯಾವಾಗಲೋ ಒಂದು ಪಾಠ ಮಾಡಿದ್ದರು. ಕಂತು ಎಲ್ಲ ವರ್ಷವೂ ಒಂದೇ ಸಮ ಇರಬೇಕೆಂದೇನಿಲ್ಲ, ಬರುವ ದುಡ್ಡಿನ ಮೈಕಟ್ಟು ನೋಡಿ ಕಂತನ್ನು ಕಟೆಯಬಹುದು, ಬಂದ ವರ್ಷ ಹೆಚ್ಚು, ಬಾರದ ವರ್ಷ ಕಡಿಮೆ. ಹಾಗೆ ಕಟೆಯಬೇಕಾದರೆ ಖಾಲಿ ವರ್ಷದಲ್ಲಿ ನಿಜವಾಗಿ ಎಷ್ಟು ಬರುತ್ತದೆಂದು ತಿಳಿಯಬೇಕು. ಅದು ಗೊತ್ತಿದ್ದದ್ದು ಒಬ್ಬರಿಗೇ.

ಗುರುವಾರ ರಜೆ ಹಾಕಿ, ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಶ್ರೀನಿವಾಸಪುರ ದಾಟಿ ಅವಳು ಆ ಊರಲ್ಲಿ ಇಳಿದಳು. ತೋಟದ ಮನೆಯ ಮುಂದೆ ಕಟ್ಟೆಯ ಮೇಲೆ ಆವಲಪ್ಪ ಕೂತಿದ್ದರು. ಒಳಗಿನಿಂದ ಬಂದ ಕದಿರೇಶ ಅವಳನ್ನು ನೋಡಿ ಬಾಗಿಲಲ್ಲೇ ಕಲ್ಲಾದ.

“ರಾಮ್ಮಾ, ಬಾ ಕೂತ್ಕೋ,” ಎಂದರು ಆವಲಪ್ಪ. ಆ ಕಡೆಯವರ ಮಾತೇ ಹಾಗೆ, ಅರ್ಧ ತೆಲುಗು, ಅರ್ಧ ಕನ್ನಡ. “ಕಂಪ್ಯೂಟರ್ ಹುಡುಗಿ ನೀನೇನಾ?”

ಕಟ್ಟೆಯ ಹಿಂದಿನ ಗೋಡೆಯ ತುಂಬ ಸುಣ್ಣದ ಗೀಟುಗಳು. ಒಂದು ಫಸಲು ಮಾರಿ ಬಂದರೆ ಒಂದು ಗೀಟು. ತಾತನ ಲೆಕ್ಕದ ಪುಸ್ತಕ ಅದೇ.

“ತಾತ, ಗೀಟಿಗೂ ಗೀಟಿಗೂ ಮಧ್ಯ ಇರೋ ವರ್ಷದ ಲೆಕ್ಕ ಬೇಕಿತ್ತು,” ಎಂದಳು ರಜನಿ.

ಮುದುಕನ ಮುಖ ಗಂಟಾಯಿತು. “ಅದೆಲ್ಲ ಯಾತಕ್ಕಮ್ಮಾ? ಪಂಟ ಬಂದ್ರೆ, ಫಸಲು ಬಂದ್ರೆ, ಅದು ವರ್ಷ. ಬರದೇ ಇರೋದು ವರ್ಷಾನೇ ಅಲ್ಲ.”

ರಜನಿ ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ತಾತನಿಗೆ ಹೇಳಿದಳೋ, ಬಾಗಿಲಲ್ಲಿ ನಿಂತವನಿಗೆ ಹೇಳಿದಳೋ ಅವಳಿಗೂ ಗೊತ್ತಾಗಲಿಲ್ಲ.

“ನಮ್ಮಮ್ಮ ಶಾಮಲಮ್ಮ ಗಂಡು ಹುಡುಕೋರಿಗೆಲ್ಲ ನಂಗೆ ಇಪ್ಪತ್ತೆಂಟು ಅಂತಾರೆ. ನಂಗೆ ಮೂವತ್ತು ತಾತ. ನಿಶ್ಚಿತಾರ್ಥ ಆಗಿ, ಛತ್ರ ಬುಕ್ ಮಾಡಿ, ಪತ್ರಿಕೆ ಹಂಚಿ, ಆಮೇಲೆ ಅವರ ಕಡೆಯೋರು ಬೇಡ ಅಂದ್ರು. ಎರಡು ವರ್ಷ ನಾನು ಮನೆ ಬಿಟ್ಟು ಆಚೆ ಬರ್ಲಿಲ್ಲ. ಆ ಎರಡು ವರ್ಷನ ನಮ್ಮಮ್ಮ ಲೆಕ್ಕಕ್ಕೇ ತಗೊಳ್ಳಲ್ಲ. ಆದ್ರೆ ನಾನು ಬದುಕಿದ್ದೆ ತಾತ ಆ ಎರಡು ವರ್ಷ. ಎಕ್ಸೆಲ್ ಕಲಿತಿದ್ದೇ ಆಗ.”

ಆವಲಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಕದಿರೇಶ ನಿಧಾನವಾಗಿ ಬಂದು ಕಟ್ಟೆಯ ತುದಿಯಲ್ಲಿ ಕೂತ. “ಪಿಯುಸಿ ಫೇಲಾಗಿ ನಾನು ಮನೆ ಬಿಟ್ಟು ಓಡಿಹೋಗಿದ್ದೆ ರಜನಿಯವರೇ. ಮೂರು ವರ್ಷ ಮದನಪಲ್ಲಿಯಲ್ಲಿ ಟೊಮ್ಯಾಟೊ ಬಾಕ್ಸ್ ಲೋಡ್ ಮಾಡ್ತಿದ್ದೆ. ಈ ಮನೇಲಿ ಇವತ್ತಿನವರೆಗೂ ಯಾರೂ ಆ ಮಾತು ಎತ್ತಿಲ್ಲ. ಎತ್ತಿದ್ರೆ ನಂಗೆ ಬೇಜಾರಾಗುತ್ತೆ ಅಂತ. ಎತ್ತಲ್ವಲ್ಲ ಅಂತಾನೇ ನಂಗೆ ಬೇಜಾರು.”

“ಲೇ ಅಬ್ಬಾಯಿ,” ಎಂದರು ಮುದುಕ. ಕೋಲು ಎತ್ತಿ ಗೋಡೆಯ ಮೊದಲನೇ ಗೀಟಿನ ಪಕ್ಕದ ಜಾಗಕ್ಕೆ ತಾಗಿಸಿದರು. “ಬರ್ಕೊಳ್ಳಮ್ಮ. ಈ ವರ್ಷ ಆರು ಟನ್ನು. ಸುನಂದನ ಸೀಮಂತಕ್ಕೆ ದುಡ್ಡಿಲ್ದೆ ಒದ್ದಾಡಿದ ವರ್ಷ ಐದು…”

ಒಂದೊಂದೂ ಅವರಿಗೆ ಬಾಯಿಪಾಠವಿತ್ತು. ಎಣಿಸದ ವರ್ಷಗಳನ್ನು ಅವರು ಒಂದು ದಿನವೂ ಮರೆತಿರಲಿಲ್ಲ.

“ಖಾಲಿ ವರ್ಷದಲ್ಲಿ ಊರೋರು ಏನು ಮಾಡ್ತಾರೆ ತಾತ?”

“ಹುಣಸೆಹಣ್ಣು ಮಾರ್ತಾರೆ. ಇಡೋಕೆ ಜಾಗ ಇಲ್ದೆ ಕೊಯ್ದ ತಕ್ಷಣ ಬಂದ ರೇಟಿಗೆ ಕೊಟ್ಟುಬಿಡ್ತಾರೆ.”

ರಜನಿ, ಕದಿರೇಶ ಒಟ್ಟಿಗೇ ತಲೆಯೆತ್ತಿದರು. ಹುಣಸೆಹಣ್ಣನ್ನು ವರ್ಷಗಟ್ಟಲೆ ಇಡಬೇಕಾದರೆ ಕೋಲ್ಡ್ ಸ್ಟೋರೇಜ್ ಬೇಕು. ಮಾವಿಲ್ಲದ ವರ್ಷ ಇವರ ಸ್ಟೋರೇಜು ಖಾಲಿ ಬಿದ್ದಿರುತ್ತದೆ.

“ಬಾಡಿಗೆ!” ಎಂದ ಕದಿರೇಶ.

“ಟೈಪ್ ಮಾಡಿ ಸಾರ್, ಬೇಗ,” ಎಂದಳು ರಜನಿ. ಅವಳು ಮತ್ತೆ ‘ಸಾರ್’ ಎಂದದ್ದೇ ತಡ, ಅವನ ಮುಖ ಊರಗಲ ಆಯಿತು. ಆವಲಪ್ಪ ಎಲೆಅಡಿಕೆ ಹಾಕುವ ನೆಪದಲ್ಲಿ ಅದನ್ನು ಚೆನ್ನಾಗಿಯೇ ನೋಡಿದರು.

ಬಂದ ವರ್ಷ ದೊಡ್ಡ ಕಂತು, ಖಾಲಿ ವರ್ಷ ಸಣ್ಣ ಕಂತು, ನಡುವೆ ಹುಣಸೆಯ ಬಾಡಿಗೆ. ಸಂಜೆ ನಾಲ್ಕರ ಹೊತ್ತಿಗೆ ಅತ್ಯಂತ ಕೆಟ್ಟ ವರ್ಷವೂ ಒಂದು ರೂಪಾಯಿ ಮೂವತ್ತೆರಡು ಪೈಸೆಗೆ ಬಂದು ನಿಂತಿತು. ಒಂದು ಸೆಲ್ಲೂ ಕೆಂಪಿರಲಿಲ್ಲ.

“ಅವತ್ತು ಹಾಗೆ ಅಂದಿದ್ದಕ್ಕೆ…” ಬಸ್ಸಿನ ಹತ್ತಿರ ಕದಿರೇಶ ಶುರು ಮಾಡಿದ.

“ನನಗೆ ಬರೀ ಪರೀಕ್ಷೆ ಆಗಿದ್ರೆ, ಎರಡು ಬಸ್ಸು ಬದಲಾಯಿಸಿ ಯಾರು ಬರ್ತಿದ್ರು?” ಎಂದು ಅವಳು ಹತ್ತಿದಳು. ಕಿಟಕಿ ಪಕ್ಕದ ಸೀಟು ಖಾಲಿ ಇತ್ತು.

*

ಜನವರಿಯ ಕೊನೇ ಭಾನುವಾರ ಸಾಲದ ಕಂಪನಿಯಿಂದ ಬಂದವರು ಮೇಘನ ಎಂಬ ಚೂಪುಗಣ್ಣಿನ ಅಧಿಕಾರಿ. ಒಂದು ಗಂಟೆ ಶೀಟು ಕೆದಕಿದರು. ಆಮೇಲೆ ಕೇಳಿದರು, “ಈ ಕೆಟ್ಟ ವರ್ಷಗಳನ್ನ ನೀವು ತೋರಿಸದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ತೋರಿಸಿದ್ರಿ?”

ಉತ್ತರ ರಜನಿಯದೆಂದು ಗೊತ್ತುಮಾಡಿಕೊಂಡಿದ್ದರು. ಆದರೆ ಕದಿರೇಶ ಎದ್ದ. “ಮೇಡಂ, ಮೊದಲು ನಾನು ಮುಚ್ಚಿಡೋಣ ಅಂದೆ. ಇವರು ಬಿಡ್ಲಿಲ್ಲ. ಇವರು ಬಿಟ್ಟಿದ್ರೆ ನಮ್ಮೂರು ಮುಳುಗ್ತಿತ್ತು.”

ಮುನಿಕೃಷ್ಣ ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಮೇಘನ ಶೀಟಿನ ಮೂಲೆಯಲ್ಲಿ ಏನೋ ಬರೆದರು. ಹದಿಮೂರನೇ ದಿನ ಕಾಗದ ಬಂತು. ಜಾಗ ನೋಡಲು ಬರುತ್ತೇವೆ, ಸಾಲಕ್ಕೆ ತಾತ್ವಿಕ ಒಪ್ಪಿಗೆ ಇದೆ. ಅದರ ಕೊನೆಗೆ ಇನ್ನೊಂದು ಸಾಲು, ಕೋಲಾರ ಜಿಲ್ಲೆಯ ಪ್ರಾಜೆಕ್ಟುಗಳನ್ನು ನೋಡಿಕೊಳ್ಳಲು ರಜನಿಯವರು ನಮ್ಮಲ್ಲಿ ಸೇರಬಹುದೇ?

ಕಾಗದ ಹಿಡಿದುಕೊಂಡೇ ಅವಳು ಆ ಊರಿಗೆ ಬಂದಳು. ಕದಿರೇಶ ಕರೆದಿದ್ದ.

ಫೆಬ್ರವರಿಯ ತೋಟ. ಹೂವು ಬಿಡಬೇಕಾದ ಕಾಲ, ಒಂದು ಮರದಲ್ಲೂ ಹೂವಿಲ್ಲ, ಬರೀ ತಾಮ್ರದ ಬಣ್ಣದ ಚಿಗುರು. ಇದು ಖಾಲಿ ವರ್ಷ.

“ಇಂಥ ವರ್ಷ ನಮ್ಮೋರು ಯಾರನ್ನೂ ತೋಟಕ್ಕೆ ಕರೆಯಲ್ಲ,” ಎಂದ ಕದಿರೇಶ. “ತೋರಿಸೋಕೆ ಏನಿರುತ್ತೆ?”

“ಮತ್ತೆ ನನ್ನ ಯಾಕೆ ಕರೆದ್ರಿ ಸಾರ್?”

ಅವನು ಒಂದು ಚಿಗುರೆಲೆ ಮುಟ್ಟಿದ, ಬಿಟ್ಟ, ಮತ್ತೆ ಮುಟ್ಟಿದ. “ಕಾಯಿ ತುಂಬಿದ ವರ್ಷ ಕೇಳಿದ್ರೆ, ತೋಟ ನೋಡಿ ಒಪ್ಪಿದ್ರೇನೋ ಅಂತ ಅನುಮಾನ ಉಳ್ಕೊಳ್ಳುತ್ತೆ. ಅದಕ್ಕೆ ಈಗ್ಲೇ ಕೇಳ್ತಿದ್ದೀನಿ. ನಂಗೆ ನೀವು ಬೇಕು ರಜನಿ. ಬಸ್ ಸ್ಟ್ಯಾಂಡಲ್ಲಿ ನಂಗೆ ಯಾವತ್ತೂ ಕೆಲಸ ಇರ್ಲಿಲ್ಲ.”

“ಅದು ನಂಗೆ ಗೊತ್ತಿತ್ತು.” ಅವಳ ಕಣ್ಣು ತುಂಬಿತು, ನಗುವೂ ಬಂತು. “ನಾನು ನಿಮಗಿಂತ ಒಂದು ವರ್ಷ ದೊಡ್ಡೋಳು. ನಿಮ್ಮ ಕಡೆ ಒಪ್ತಾರಾ? ನಮ್ಮಮ್ಮನಿಗೆ ಏನು ಹೇಳ್ತೀರಿ?”

“ಅವರ ಮುಂದೆ ಕೂತು, ನಿಮ್ಮ ಮಗಳಿಗೆ ಮೂವತ್ತು ಅಂತ ನಂಗೆ ಗೊತ್ತು, ಆ ಎರಡು ವರ್ಷನೂ ಸೇರಿಸಿ ಕೊಡಿ ಅಂತೀನಿ.”

ಅವಳು ಕೈ ಚಾಚಿದಳು. “ಹಾಗಾದ್ರೆ ಬಾ ಕದಿರೇಶ್, ತಾತಂಗೆ ಹೇಳೋಣ,” ಎಂದಳು. ‘ಸಾರ್’ ಇಲ್ಲದೆ, ‘ನೀವು’ ಇಲ್ಲದೆ ಅವಳು ಅವನನ್ನು ಕರೆದದ್ದು ಅದೇ ಮೊದಲು. ಅವನಿಗೆ ಎರಡು ಹೆಜ್ಜೆ ಇಡುವುದೂ ಮರೆತುಹೋಯಿತು.

ಆವಲಪ್ಪ ಎಲ್ಲವನ್ನೂ ಕೇಳಿದರು. ವಯಸ್ಸಿನ ಮಾತು ಬಂದಾಗ ಬಹಳ ಹೊತ್ತು ಗೋಡೆಯನ್ನೇ ನೋಡಿದರು. ಈ ಮುದುಕ ಬೇಡವೆಂದರೆ ಕದಿರೇಶ ಅವರನ್ನು ಮೀರುವವನಲ್ಲ. ಮೀರೆಂದು ಅವಳೂ ಹೇಳುವವಳಲ್ಲ.

“ಲೇ ಕದಿರೇಶ,” ಎಂದರು ಕೊನೆಗೆ. “ಒಂಚೂರು ಸುಣ್ಣ ಕಲಸ್ಕೊಂಡ್ ಬಾ.”

“ಈಗ್ಯಾಕೆ ತಾತ? ಈ ವರ್ಷ ಕಾಯೇ ಇಲ್ವಲ್ಲ.”

“ತಗೊಂಡ್ ಬಾರೋ ಅಂದ್ರೆ.”

ಮುದುಕ ಸುಣ್ಣದಲ್ಲಿ ಬೆರಳು ಅದ್ದಿ, ಇನ್ನೊಂದು ಕೈಯಿಂದ ರಜನಿಯ ಭುಜ ಹಿಡಿದು ಎದ್ದು, ಗೋಡೆಯ ಕೊನೇ ಗೀಟಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಗೀಟು ಎಳೆದರು.

“ಮುಂದೆ ಯಾರಾದ್ರೂ ಕೇಳಿದ್ರೆ,” ಎಂದರು ಅವರು, “ಇದು ನನ್ನ ಮೊಮ್ಮಗಳು ಮನೆಗೆ ಬಂದ ವರ್ಷ ಅಂತ ಹೇಳ್ತೀನಿ.”